ಒಸಾಕಾದ 15ನೇ ತಾರೀಖೋ, 16ನೆಯದೋ?

ಇಂಗ್ಲೆಂಡಿನ ರಾಕ್ ಬ್ಯಾಂಡು ಡೀಪ್ ಪರ್ಪಲ್‌ನ ಅಭಿಮಾನಿಗಳನ್ನು ಗುರುತಿಸುವುದು ಕಷ್ಟವಲ್ಲ. ‘ಸ್ಮೋಕ್ ಆನ್ ದ ವಾಟರ್’ ಹಾಡು ಕೇಳಿದ್ದೀರಾ ಅಂತ ಕೇಳಿ ನೋಡಿ. ಕೇಳಿದ್ದೇನೆ ಅಂದವರು ಎಲ್ಲರಂತೆ. ‘ಯಾವ ರಾತ್ರಿಯದು? 15ರದ್ದೋ, 16ರದ್ದೋ?’ ಅಂತ ನಿಮ್ಮನ್ನೇ ತಿರುಗಿ ಕೇಳಿದರೆ ಆಸಾಮಿ ನಮ್ಮ ಪಂಗಡದವನು. ಆ ಸಂಜೆ ಬೇಗ ಮನೆ ಸೇರುವ ಆಸೆಯನ್ನು ನೀವು ಬಿಡಬೇಕು.

ಆ ರಾತ್ರಿಗಳು 1972ರ ಆಗಸ್ಟ್ ತಿಂಗಳಿನವು. 15 ಮತ್ತು 16ರಂದು ಜಪಾನಿನ ಒಸಾಕಾದಲ್ಲಿ, 17ರಂದು ಟೋಕಿಯೋದ ಬುಡೋಕಾನ್‌ನಲ್ಲಿ ಬ್ಯಾಂಡು ನುಡಿಸಿತು. ಹಾಡುಗಾರ ಇಯಾನ್ ಗಿಲನ್, ಗಿಟಾರಿನಲ್ಲಿ ರಿಚಿ ಬ್ಲ್ಯಾಕ್‌ಮೋರ್, ಹ್ಯಾಮಂಡ್ ಆರ್ಗನ್ನಿನಲ್ಲಿ ಜಾನ್ ಲಾರ್ಡ್, ಬೇಸ್ ಗಿಟಾರ್ ಹಿಡಿದ ರಾಜರ್ ಗ್ಲೋವರ್, ಡ್ರಮ್ಸ್‌ಗೆ ಇಯಾನ್ ಪೇಸ್. ಅಭಿಮಾನಿಗಳ ಬಾಯಲ್ಲಿ ಈ ಐವರ ಕೂಟಕ್ಕೆ ‘ಮಾರ್ಕ್ 2’ ಎಂದು ಹೆಸರು. ಈ ಮೂರು ರಾತ್ರಿಗಳಿಂದ ಏಳು ಹಾಡುಗಳನ್ನು ಆರಿಸಿ, ಎರಡು ಎಲ್‌ಪಿ ತಟ್ಟೆಗಳಿಗೆ ತುಂಬಿ, ಆ ವರ್ಷದ ಡಿಸೆಂಬರಿನಲ್ಲಿ ಬ್ರಿಟನ್ನಿನಲ್ಲೂ 1973ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲೂ ಬಿಡುಗಡೆ ಮಾಡಿದ್ದೇ ‘ಮೇಡ್ ಇನ್ ಜಪಾನ್’.

ಇದರ ಬಗ್ಗೆ ಅಭಿಮಾನಿಗಳು ಏನೆನ್ನುತ್ತಾರೆ ಎಂದು ಬರೆಯಲು ಹೊರಟರೆ ಮೊದಲ ಮಾತಿಗೆ ಎಲ್ಲರೂ ಒಪ್ಪುತ್ತಾರೆ: ಅದ್ಭುತ. 2012ರಲ್ಲಿ ‘ರೋಲಿಂಗ್ ಸ್ಟೋನ್’ ಪತ್ರಿಕೆಯ ಓದುಗರು ಸಾರ್ವಕಾಲಿಕ ಲೈವ್ ಆಲ್ಬಂಗಳ ಸಾಲಿನಲ್ಲಿ ಇದನ್ನು ಆರನೆಯದೆಂದು ಆರಿಸಿದ್ದರು. ಆರನೆಯದಾ ಅಂತ ಮೂಗು ಮುರಿದವರನ್ನು ನಾನು ಬಲ್ಲೆ. ಆದರೆ ಜಗಳ ಹುಟ್ಟುವುದು ಎರಡನೇ ಮಾತಿನಿಂದ. ಅದ್ಭುತ ಸರಿ, ಯಾವುದು ಅದ್ಭುತ? ಗಿಲನ್‌ನ ಕಂಠವೋ, ಬ್ಲ್ಯಾಕ್‌ಮೋರ್‌ನ ಕೈಯೋ? ಆ ಡ್ರಮ್ ಸೋಲೋ ಬೇಕಿತ್ತಾ? ನಾಲ್ಕನೇ ಬದಿಯನ್ನು ಪೂರ್ತಿ ಕೇಳುವವರು ನಿಜವಾಗಿಯೂ ಇದ್ದಾರಾ? ಹಳೆಯ ಎಲ್‌ಪಿಯ ಮಿಕ್ಸ್ (ಹಾಡು, ವಾದ್ಯಗಳ ಸದ್ದನ್ನು ಬೆರೆಸಿದ ಹದ) ಒಳ್ಳೆಯದೋ, ಈಚಿನದೋ? ಐವತ್ತು ವರ್ಷ ಕಳೆದರೂ ಇದು ಮುಗಿದಿಲ್ಲ. ಮುಗಿಯದಿರುವುದಕ್ಕೆ ಒಂದು ಕಾರಣವಿದೆ ಅಂತ ನನಗನ್ನಿಸುತ್ತದೆ. ಈ ಆಲ್ಬಂ ಹೀಗೇ ಇರಬೇಕು ಎಂಬ ಹಟ ಅದನ್ನು ಮಾಡಿದವರಿಗೇ ಇರಲಿಲ್ಲ. ಅವರು ಬಿಟ್ಟುಕೊಟ್ಟದ್ದನ್ನು ಕೇಳುಗರು ಹಿಡಿದುಕೊಂಡರು.

ಬ್ಯಾಂಡಿನವರಿಗೆ ಲೈವ್ ರೆಕಾರ್ಡಿಂಗ್ ಬೇಕಿರಲಿಲ್ಲ ಎಂಬುದು ಎಲ್ಲ ಕಡೆ ದಾಖಲಾಗಿರುವ ಸಂಗತಿ. ಕೇಳಿಕೊಂಡದ್ದು ಜಪಾನಿನ ರೆಕಾರ್ಡ್ ಕಂಪನಿ, ಅದೂ ಜಪಾನಿನಲ್ಲಿ ಮಾತ್ರ ಮಾರಲು. ಹಾಗಾದರೆ ನಮ್ಮ ಎಂಜಿನಿಯರ್ ಬರಬೇಕು, ನಾವು ಒಪ್ಪಿದ ಮೇಲೆಯೇ ಹೊರಬರಬೇಕು ಎಂದು ಇವರು ಷರತ್ತು ಹಾಕಿದರು. ಹೀಗೆ ಮಾರ್ಟಿನ್ ಬರ್ಚ್ ಬಂದ. ಸ್ಟುಡಿಯೋದಲ್ಲಿ ಇವರ ಆಲ್ಬಂಗಳಿಗೆ ಧ್ವನಿ ಹಿಡಿದವನೂ ಅವನೇ. ಮುಂದೆ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್‌ಗೆ ವರ್ಷಗಟ್ಟಲೆ ನಿರ್ಮಾಪಕನಾದವನೂ ಅವನೇ. (2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೇಡನ್‌ಗೆ ಗಂಟಲು ಹರಿಯುವಂತೆ ಕೂಗಿದ ಹುಡುಗರಲ್ಲಿ ಎಷ್ಟು ಜನರಿಗೆ ಬರ್ಚ್‌ನ ಹೆಸರು ಗೊತ್ತಿತ್ತೋ.) ಎಂಟು ಟ್ರ್ಯಾಕಿನ ಯಂತ್ರ, ಅಂದರೆ ಎಂಟು ಸದ್ದುಗಳನ್ನಷ್ಟೇ ಬೇರೆ ಬೇರೆಯಾಗಿ ಹಿಡಿಯುವಂಥದ್ದು. ಐದು ಜನ, ಜೊತೆಗೆ ಸಭಿಕರ ಸದ್ದು, ಎಲ್ಲವೂ ಅದರೊಳಗೇ ಹಿಡಿಸಬೇಕು. ಸಾಲದ್ದಕ್ಕೆ ಗಿಲನ್‌ಗೆ ಎದೆಗಟ್ಟು. ತನ್ನ ಹಾಡಿಕೆಯ ಬಗ್ಗೆ ಅವನಿಗೆ ಸಮಾಧಾನವಿರಲಿಲ್ಲ.

ಆಮೇಲೆ ಮಿಕ್ಸಿಂಗ್‌ಗೆ ಎಂದು ಕುಳಿತಾಗ ಬಂದವರು ಇಬ್ಬರೇ, ಗ್ಲೋವರ್ ಮತ್ತು ಪೇಸ್. ಗಿಲನ್ನನೂ ಬ್ಲ್ಯಾಕ್‌ಮೋರ್‌ನೂ ಆ ಆಲ್ಬಂ ಅನ್ನು ಪೂರ್ತಿ ಕೇಳಿಯೇ ಇಲ್ಲ ಎಂದು ಪೇಸ್ ಎಷ್ಟೋ ವರ್ಷಗಳ ಮೇಲೂ ಹೇಳಿದ್ದುಂಟು. ಜಗತ್ತೇ ಬಾಯಿಪಾಠ ಮಾಡಿಕೊಂಡ ಕಿರುಚು ಗಿಲನ್‌ನದು, ಗಿಟಾರ್ ಕಲಿಯುವ ಹುಡುಗರು ಸ್ವರಸ್ವರವಾಗಿ ನಕಲು ಮಾಡಿದ ಸೋಲೋಗಳು ಬ್ಲ್ಯಾಕ್‌ಮೋರ್‌ನವು. ಇಬ್ಬರಿಗೂ ಅದು ಮುಗಿದ ಕೆಲಸ, ಅಷ್ಟೆ. ಲಾರ್ಡ್ ಮಾತ್ರ ಮುಂದೆ ಇದನ್ನೇ ತನ್ನ ಅಚ್ಚುಮೆಚ್ಚಿನ ಡೀಪ್ ಪರ್ಪಲ್ ಆಲ್ಬಂ ಎಂದು ಕರೆದ.

ಮುಖಪುಟದ ಕತೆಯೂ ಇದೇ ಉಡಾಫೆಯದು. ಹೆಸರು ಜಪಾನಿನದು, ಹೊದಿಕೆಯ ಚಿತ್ರ ಲಂಡನ್ನಿನ ರೇನ್‌ಬೋ ಥಿಯೇಟರಿನದು! ಅದೇ ರೇನ್‌ಬೋದಲ್ಲಿ 1972ರಲ್ಲಿ ನಡೆದ ಇವರ ಕಛೇರಿಯೊಂದರಲ್ಲಿ ಸದ್ದು 117 ಡೆಸಿಬೆಲ್ ಮುಟ್ಟಿತು, ಸಭಿಕರಲ್ಲಿ ಮೂವರು ಪ್ರಜ್ಞೆ ತಪ್ಪಿದರು ಎಂದು ಗಿನ್ನೆಸ್ ಪುಸ್ತಕ ಇವರನ್ನು ಜಗತ್ತಿನ ಅತಿ ಗದ್ದಲದ ಬ್ಯಾಂಡ್ ಎಂದು ದಾಖಲಿಸಿತ್ತು. ಹೊದಿಕೆಯ ಆ ಗುಂಪಿನಲ್ಲಿ ಮುಂದೆ ಡೆಫ್ ಲೆಪರ್ಡ್ ಬ್ಯಾಂಡು ಸೇರಿದ ಫಿಲ್ ಕಾಲೆನ್ ಹುಡುಗನಾಗಿ ನಿಂತಿದ್ದಾನೆ. ಹಳೆಯ ಎಲ್‌ಪಿ ಇದ್ದವರ ಮನೆಗೆ ಹೋದರೆ ಭೂತಗನ್ನಡಿ ಹಿಡಿದು ಅವನನ್ನು ಹುಡುಕಿ ತೋರಿಸುವವರೆಗೆ ಕಾಫಿ ಬರುವುದಿಲ್ಲ.

ಮೊದಲ ಸಲ ನಾನು ಇದನ್ನು ಕೇಳಿದ್ದು ನಕಲು ಕ್ಯಾಸೆಟ್ಟಿನಲ್ಲಿ, ಅದೂ ಒಂದು ಬದಿ ಕೆಟ್ಟ ಇಯರ್‌ಫೋನಿನಲ್ಲಿ. ಈ ಆಲ್ಬಂನಲ್ಲಿ ಗಿಟಾರ್ ಬಹುಪಾಲು ಒಂದು ಬದಿಗೆ, ಆರ್ಗನ್ ಇನ್ನೊಂದು ಬದಿಗೆ. ವೇದಿಕೆಯ ಮುಂದೆ ಕುಳಿತವರಿಗೆ ಕೇಳಿಸುವ ಹಾಗೆ ಮಿಕ್ಸ್ ಮಾಡಿದ್ದಾರೆ. ನನ್ನ ಪಾಲಿಗೆ ಸಿಕ್ಕಿದ್ದು ಆರ್ಗನ್ ಬದಿ. ಗಿಟಾರ್ ಎಲ್ಲೋ ಪಕ್ಕದ ಬೀದಿಯಲ್ಲಿ ಕೇಳುತ್ತಿತ್ತು. ಹಾಗಾಗಿ ಎಲ್ಲರೂ ಬ್ಲ್ಯಾಕ್‌ಮೋರ್ ಬ್ಲ್ಯಾಕ್‌ಮೋರ್ ಅನ್ನುವಾಗ ನಾನು ಜಾನ್ ಲಾರ್ಡ್ ಕಡೆಯವನಾಗಿ ಬೆಳೆದೆ. ಇಯರ್‌ಫೋನ್ ಬದಲಾದ ಮೇಲೂ ಪಕ್ಷ ಬದಲಾಗಲಿಲ್ಲ. ಹ್ಯಾಮಂಡ್ ಆರ್ಗನ್ನನ್ನು ಮಾರ್ಷಲ್ ಆಂಪ್ಲಿಫಯರಿಗೆ ಜೋಡಿಸಿ, ಚರ್ಚಿನ ವಾದ್ಯದಿಂದ ಗಿಟಾರಿಗೆ ಸರಿಸಮನಾದ ಗುಡುಗನ್ನು ಹೊರಡಿಸಿದವನು ಅವನು. ‘ಹೈವೇ ಸ್ಟಾರ್’ ಶುರುವಾಗುವ ಮೊದಲು ಪೇಸ್‌ನ ಸ್ನೇರ್ ಡ್ರಮ್ ಟಕಟಕ ಎನ್ನುತ್ತಾ ಆರ್ಗನ್ ಮೆಲ್ಲಗೆ ಉಬ್ಬುವ ಆ ಕ್ಷಣಗಳಿವೆಯಲ್ಲ, ಇಡೀ ಆಲ್ಬಂನಲ್ಲಿ ನನಗೆ ಅತಿ ಪ್ರಿಯವಾದ ಭಾಗ ಅದು. ಹಾಡಿನ್ನೂ ಹುಟ್ಟಿಲ್ಲ, ಹುಟ್ಟುತ್ತದೆ ಎಂದು ಗೊತ್ತಾಗಿದೆ.

‘ಹೈವೇ ಸ್ಟಾರ್’ ಹುಟ್ಟಿದ ಬಗೆಯೇ ಚೆನ್ನ. 1971ರಲ್ಲಿ ಕಾರ್ಯಕ್ರಮಕ್ಕೆಂದು ಬಸ್ಸಿನಲ್ಲಿ ಪೋರ್ಟ್ಸ್‌ಮತ್‌ಗೆ ಹೋಗುತ್ತಿದ್ದಾಗ, ನೀವು ಹಾಡು ಕಟ್ಟುವುದು ಹೇಗೆ ಎಂದು ಪತ್ರಕರ್ತನೊಬ್ಬ ಕೇಳಿದ. ಹೀಗೆ ಎಂದು ಬ್ಲ್ಯಾಕ್‌ಮೋರ್ ಗಿಟಾರ್ ಎತ್ತಿಕೊಂಡ, ಗಿಲನ್ ಬಾಯಿಗೆ ಬಂದ ಸಾಲು ಸೇರಿಸಿದ, ಅವತ್ತೇ ರಾತ್ರಿ ವೇದಿಕೆಯಲ್ಲಿ ನುಡಿಸಿಬಿಟ್ಟರು. ಸ್ಟುಡಿಯೋಗೆ ಹೋಗುವ ಮೊದಲೇ ವೇದಿಕೆ ಕಂಡ ಹಾಡು ಅದು. ‘ಮಷೀನ್ ಹೆಡ್’ ಎಂಬ ಸ್ಟುಡಿಯೋ ಆಲ್ಬಂನ ರೂಪವೇ ಮೂಲ, ಒಸಾಕಾದ್ದು ಅದರ ಲೈವ್ ನಕಲು ಎನ್ನುವವರಿಗೆ ನಾನು ಹೇಳುವುದು ಇದನ್ನೇ.

ಇಲ್ಲಿ ನಮ್ಮ ಕಿವಿಯ ಮಾತು ಬರುತ್ತದೆ. ಪಾಶ್ಚಾತ್ಯ ರಾಕ್ ಕೇಳುಗರಿಗೆ ಸ್ಟುಡಿಯೋ ಆಲ್ಬಂ ಎಂದರೆ ಮೂಲಪಾಠ. ಲೈವ್ ಎಂದರೆ ಟಿಪ್ಪಣಿ. ಕಛೇರಿ ಕೇಳಿ ಬೆಳೆದವರಿಗೆ ಇದು ತಲೆಕೆಳಗು. ಧಾರವಾಡದ ಮಲ್ಲಿಕಾರ್ಜುನ ಮನಸೂರರ ಮೂರು ಮೂರೂವರೆ ನಿಮಿಷದ ಹಳೆಯ ತಟ್ಟೆಗಳನ್ನು ನಾವು ಅಕ್ಕರೆಯಿಂದ ಕಾದಿಟ್ಟುಕೊಳ್ಳುತ್ತೇವೆ, ನಿಜ. ಆದರೆ ‘ಆ ಬೈಠಕ್ಕಿನ ಟೇಪು ಕೇಳಿದ್ದೀಯಾ?’ ಎಂದು ದನಿ ತಗ್ಗಿಸಿ ಕೇಳುವುದು ಕಛೇರಿಯ ಬಗ್ಗೆ. ಭೀಮಸೇನ ಜೋಶಿಯವರ ಯಾವ ಊರಿನ, ಯಾವ ವರ್ಷದ ರಾಗ ಎಂದು ಲೆಕ್ಕ ಇಡುವವರು ನಮ್ಮಲ್ಲಿ ಇದ್ದಾರೆ. ಹಾಗಾಗಿ ಬೆಂಗಳೂರಿನ ರಾಕ್ ಹುಚ್ಚರು ಮೂರು ರಾತ್ರಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಜಗಳಾಡುವುದರಲ್ಲಿ ನನಗೇನೂ ಪರಕೀಯತೆ ಕಾಣುವುದಿಲ್ಲ. ಬ್ರಿಗೇಡ್ ರಸ್ತೆಯ ಪಕ್ಕದ ಪಬ್ಬು ಪೆಕೋಸ್‌ನಲ್ಲಿ ಕ್ಯಾಸೆಟ್ ತಿರುವಿ ಹಾಕುವುದನ್ನು ಕಾಯುತ್ತಾ ಕೂತವರಿಗೂ, ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ರಾಮನವಮಿ ಪೆಂಡಾಲಿನಲ್ಲಿ ಎಲೆಅಡಿಕೆ ಹಾಕುತ್ತಾ ಕೂತವರಿಗೂ ರುಚಿ ಬೇರೆ ಇರಬಹುದು, ರೋಗ ಒಂದೇ.

ಹಾಗೆಂದು ಇದನ್ನು ಕಛೇರಿಗೆ ಹೋಲಿಸಿ ಸುಮ್ಮನೆ ತಲೆದೂಗುವುದೂ ಬೇಡ. ‘ದ ಮ್ಯೂಲ್’ ಬಂದಾಗ ಮಾತ್ರ ನನಗೆ ಆ ಹೋಲಿಕೆ ತಡೆಯಲಾಗುವುದಿಲ್ಲ. ಅದು ಹೆಸರಿಗೆ ಹಾಡು. ಒಳಗಿರುವುದು ಪೇಸ್‌ನ ಡ್ರಮ್ ಸೋಲೋ. ತನಿ ಆವರ್ತನ ಶುರುವಾದ ಕೂಡಲೇ ಸಭೆಯ ಅರ್ಧ ಜನ ಕಾಫಿಗೆ ಏಳುತ್ತಾರಲ್ಲ, ಹಾಗೆಯೇ ಡೀಪ್ ಪರ್ಪಲ್ ಅಭಿಮಾನಿಗಳಲ್ಲಿ ದೊಡ್ಡದೊಂದು ಭಾಗ ಈ ಹಾಡಿಗೆ ಬೆರಳಿಟ್ಟು ಮುಂದಕ್ಕೆ ಹಾರಿಸುತ್ತದೆ. ಹೇಳಲು ಸಂಕೋಚಪಡುವವರೂ ಹಾರಿಸುತ್ತಾರೆ. ಎಡಗೈಯವನಾದ ಪೇಸ್ ಇಲ್ಲಿ ಬಲ ತೋರಿಸುವುದಕ್ಕಿಂತ ಹಗುರವಾಗಿ, ಜಾಜ್ ಬಲ್ಲವನ ಕೈಯಲ್ಲಿ ಉರುಳಿಕೆಗಳನ್ನು ಹೆಣೆಯುತ್ತಾನೆ. ಎದ್ದು ಹೋದವರು ಕಳೆದುಕೊಂಡದ್ದು ಅದನ್ನೇ. ಆದರೂ ವಾರಕ್ಕೊಮ್ಮೆ ಕೇಳುವಂಥದ್ದು ಅದಲ್ಲ ಎನ್ನುವವರ ಮೇಲೆ ನನಗೆ ಸಿಟ್ಟಿಲ್ಲ.

ಈಗ ‘ಸ್ಮೋಕ್ ಆನ್ ದ ವಾಟರ್’. 1971ರ ಡಿಸೆಂಬರ್ 4ರಂದು ಸ್ವಿಟ್ಜರ್ಲೆಂಡಿನ ಮೊಂಟ್ರೋದಲ್ಲಿ ಫ್ರಾಂಕ್ ಜಪ್ಪಾನ ಕಾರ್ಯಕ್ರಮ ನಡೆಯುತ್ತಿದ್ದಾಗ ಕ್ಯಾಸಿನೋಗೆ ಬೆಂಕಿ ಬಿತ್ತು, ಅಲ್ಲಿ ರೆಕಾರ್ಡಿಂಗ್ ಮಾಡಬೇಕೆಂದು ಬಂದಿದ್ದ ಇವರು ಸರೋವರದ ಮೇಲೆ ಹರಡಿದ ಹೊಗೆ ನೋಡುತ್ತಾ ನಿಂತರು, ಆಮೇಲೆ ಖಾಲಿ ಬಿದ್ದಿದ್ದ ಗ್ರಾಂಡ್ ಹೋಟೆಲಿನಲ್ಲಿ ‘ಮಷೀನ್ ಹೆಡ್’ ಮುಗಿಸಿದರು. ಈ ಕತೆ ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು, ಒಸಾಕಾದ ಹೊತ್ತಿಗೆ ಅದು ಇನ್ನೂ ದೊಡ್ಡ ಹಾಡಾಗಿರಲಿಲ್ಲ ಎಂಬುದು. ಈಗ ಅದನ್ನು ಕೊನೆಗೆ ಕಾದಿಟ್ಟು ಜನರನ್ನು ಸತಾಯಿಸುತ್ತಾರೆ. ಅವತ್ತು ಅದು ಎರಡನೇ ಹಾಡು. ‘ಹೈವೇ ಸ್ಟಾರ್’ ಮುಗಿಸಿ ಉಸಿರು ಬಿಡುವಷ್ಟರಲ್ಲಿ ಬಂದುಹೋಗುತ್ತಿತ್ತು. ಎಲ್‌ಪಿಯ ಬದಿಗಳ ಉದ್ದಕ್ಕೆ ಹೊಂದಿಸಲು ಅದನ್ನು ‘ಚೈಲ್ಡ್ ಇನ್ ಟೈಮ್’ ಆದಮೇಲೆ ಎರಡನೇ ಬದಿಯ ಮೊದಲಿಗೆ ಇಟ್ಟರು. ಆ ಅನುಕ್ರಮ ಎಷ್ಟು ಕಿವಿಗೆ ಹತ್ತಿದೆಯೆಂದರೆ ಪೂರ್ಣ ಕಛೇರಿಯ ಸಿಡಿ ಹಾಕಿದಾಗ ಎರಡನೇ ಹಾಡಿಗೇ ನಾನು ಈಗಲೂ ಬೆಚ್ಚುತ್ತೇನೆ.

ಮೂರು ರಾತ್ರಿಗಳಲ್ಲಿ 15ರದ್ದನ್ನೇ ಯಾಕೆ ಆರಿಸಿದರು ಎಂಬುದಕ್ಕೆ ಹೇಳಿಕೊಂಡು ಬಂದ ಕಾರಣ ಕೇಳಿದರೆ ನಗು ಬರುತ್ತದೆ. ಆ ರಿಫ್ (ಹಾಡಿನಲ್ಲಿ ಮತ್ತೆ ಮತ್ತೆ ಮರಳುವ ಗಿಟಾರ್ ಪಲುಕು) ಅನ್ನು ಬ್ಲ್ಯಾಕ್‌ಮೋರ್ ಶುರುವಿನಲ್ಲಿ ಸರಿಯಾಗಿ ನುಡಿಸಿದ್ದು ಅವತ್ತು ಮಾತ್ರವಂತೆ! ಜಗತ್ತಿನ ಪ್ರತಿ ಗಿಟಾರ್ ಅಂಗಡಿಯಲ್ಲಿ ಕಲಿಯುವ ಹುಡುಗ ಮೊದಲ ದಿನವೇ ನುಡಿಸುವ ರಿಫ್ ಅದು. ಅದನ್ನು ಹುಟ್ಟಿಸಿದವನಿಗೆ ಮೂರರಲ್ಲಿ ಒಂದು ರಾತ್ರಿ ಮಾತ್ರ ನೆಟ್ಟಗೆ ಬಂತು. ಒಂದು ಪಂಗಡ ಇದನ್ನು ಅವನ ಬೇಜವಾಬ್ದಾರಿ ಎನ್ನುತ್ತದೆ. ಇನ್ನೊಂದು ಪಂಗಡ, ನುಡಿಸಿದ್ದನ್ನೇ ನುಡಿಸಲಾರದ ಜಾಯಮಾನ ಅದು, ಹಾಗಿದ್ದುದರಿಂದಲೇ ಸೋಲೋಗಳು ಹಾಗಿವೆ ಎನ್ನುತ್ತದೆ. ನಾನು ಎರಡನೆಯವರ ಜೊತೆ. ಆದರೆ ಗುಂಪಿನಲ್ಲಿ ಮೊದಲನೆಯವರನ್ನು ಕೆಣಕಲು ಮಜಾ ಇರುತ್ತದೆ, ಅದಕ್ಕೇ ಕೆಲವು ಸಲ ಆ ಕಡೆಯಿಂದ ವಾದಿಸುತ್ತೇನೆ.

ಇಡೀ ಆಲ್ಬಂ ಜಪಾನಿನ ಆಚೆಗೂ ಮಾರಾಟವಾದ ಮೇಲೆಯೇ ಈ ಹಾಡಿನ ಅದೃಷ್ಟ ತೆರೆಯಿತು. 1973ರ ಬೇಸಗೆಯಲ್ಲಿ ಅಮೆರಿಕದಲ್ಲಿ ಸಿಂಗಲ್ (ಒಂದೇ ಹಾಡಿನ ಬಿಡಿ ತಟ್ಟೆ) ಆಗಿ ಹೊರಬಂದಾಗ ಒಂದು ಬದಿಗೆ ಸ್ಟುಡಿಯೋ ರೂಪ, ಹಿಂಬದಿಗೆ ಜಪಾನಿನ ರೂಪ. ಪಟ್ಟಿಯಲ್ಲಿ ನಾಲ್ಕನೇ ಸ್ಥಾನಕ್ಕೇರಿತು.

‘ಚೈಲ್ಡ್ ಇನ್ ಟೈಮ್’ ಬಗ್ಗೆ ಜಗಳವೇ ಇಲ್ಲ, ಅದೊಂದು ವಿಶೇಷ. 16ರ ರಾತ್ರಿಯ ಈ ಹನ್ನೆರಡು ನಿಮಿಷಗಳ ಮುಂದೆ ಎಲ್ಲ ಪಂಗಡಗಳೂ ಬಾಯಿ ಮುಚ್ಚುತ್ತವೆ. ಅದರ ಆರ್ಗನ್ ಮೊದಲಿಕೆಯನ್ನು ಇವರು ಎತ್ತಿದ್ದು ‘ಇಟ್ಸ್ ಎ ಬ್ಯೂಟಿಫುಲ್ ಡೇ’ ಎಂಬ ಅಮೆರಿಕನ್ ಬ್ಯಾಂಡಿನ ‘ಬಾಂಬೆ ಕಾಲಿಂಗ್’ ಎಂಬ ವಾದ್ಯರಚನೆಯಿಂದ. ಹೆಸರಿನಲ್ಲಿ ಬಾಂಬೆ ಇದೆಯೆಂದು ಹಿಗ್ಗುವ ಅಗತ್ಯವೇನಿಲ್ಲ, ಆದರೂ ನಾವು ಹಿಗ್ಗುತ್ತೇವೆ. ಕದ್ದದ್ದಕ್ಕೆ ಪ್ರತಿಯಾಗಿ ಅವರು ಡೀಪ್ ಪರ್ಪಲ್‌ನ ‘ರಿಂಗ್ ದಟ್ ನೆಕ್’ ಅನ್ನು ಎತ್ತಿಕೊಂಡರು, ಲೆಕ್ಕ ಚುಕ್ತಾ. ಎದೆಗಟ್ಟಿದ್ದ ಗಂಟಲಿನಿಂದ ಗಿಲನ್ ಮೆಟ್ಟಿಲು ಮೆಟ್ಟಿಲಾಗಿ ಏರುವುದನ್ನು ಕೇಳಿ. ಆ ರಾತ್ರಿಯ ಹಾಡಿಕೆ ತನಗೆ ಹಿಡಿಸಲಿಲ್ಲ ಎಂದವನು ಇವನೇ ಎಂದರೆ ನಂಬಲಾಗದು. ವಯಸ್ಸಾದ ಮೇಲೆ ಅವನು ಈ ಹಾಡನ್ನು ವೇದಿಕೆಯಲ್ಲಿ ಹಾಡುವುದನ್ನೇ ಬಿಟ್ಟ. ಅದು ಸರಿಯಾದ ತೀರ್ಮಾನ.

ಜಪಾನಿನ ಸಭಿಕರ ಬಗ್ಗೆಯೂ ಎರಡು ಅಭಿಪ್ರಾಯ. ಹಾಡಿನ ನಡುವೆ ಉಸಿರೂ ಕೇಳದಷ್ಟು ಶಿಸ್ತು, ಮುಗಿದ ಮೇಲೆ ಚಪ್ಪಾಳೆ. ಲೈವ್ ಆಲ್ಬಂ ಎಂದರೆ ಜನಸಾಗರದ ಗರ್ಜನೆ ಎಂದುಕೊಂಡವರಿಗೆ ಇದು ಸಪ್ಪೆ. ನನಗೆ ಅದೇ ಇಷ್ಟ. ಅಷ್ಟು ದೊಡ್ಡ ಸದ್ದು ಮಾಡುವ ಬ್ಯಾಂಡಿಗೆ ಮೌನವಾಗಿ ಕೂರುವ ಸಭೆ ಸಿಕ್ಕಿದ್ದರಿಂದಲೇ ಲಾರ್ಡ್‌ನ ಬೆರಳು ಕೀಲಿ ಮೇಲೆ ಇಳಿಯುವುದೂ ನಮಗೆ ಕೇಳಿಸುತ್ತದೆ.

ಹಾಡುಗಳ ನಡುವೆ ಒಂದು ಕಡೆ ಗಿಲನ್ ಧ್ವನಿವರ್ಧಕದವನಿಗೆ, ಎಲ್ಲವೂ ಎಲ್ಲಕ್ಕಿಂತ ಜೋರಾಗಿ ಕೇಳಿಸಲಿ ಎಂಬರ್ಥದಲ್ಲಿ ತಮಾಷೆಯಾಗಿ ಹೇಳುತ್ತಾನೆ. ಆ ಇಂಗ್ಲಿಷ್ ಸಾಲನ್ನೇ ತುಸು ಬದಲಿಸಿ ಇನ್ನೊಂದು ಬ್ಯಾಂಡು ಮೋಟರ್‌ಹೆಡ್ 1999ರ ತಮ್ಮ ಲೈವ್ ಆಲ್ಬಂಗೆ ಹೆಸರಾಗಿ ಇಟ್ಟುಕೊಂಡಿತು. ಹಾಡಷ್ಟೇ ಅಲ್ಲ, ಹಾಡುಗಳ ನಡುವಿನ ಹರಟೆಯೂ ಜನರಿಗೆ ಬಾಯಿಪಾಠವಾಗಿದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನನ್ನ ಮಟ್ಟಿಗೆ ಈ ಆಲ್ಬಂನ ನೆತ್ತಿ ಎಂದರೆ ‘ಸ್ಟ್ರೇಂಜ್ ಕೈಂಡ್ ಆಫ್ ವುಮನ್’. 1971ರ ಆರಂಭದಲ್ಲಿ ಸಿಂಗಲ್ ಆಗಿ ಬಂದಾಗ ಅದೊಂದು ಲವಲವಿಕೆಯ ಚಿಕ್ಕ ಹಾಡು, ನಾಲ್ಕು ನಿಮಿಷದ ಸುತ್ತಮುತ್ತ. ಒಸಾಕಾದಲ್ಲಿ ನಡುವೆ ಬ್ಯಾಂಡು ಕೈ ಹಿಂತೆಗೆಯುತ್ತದೆ, ಗಿಟಾರ್ ಒಂದು ಚೂರು ನುಡಿಸುತ್ತದೆ, ಗಂಟಲು ಅದನ್ನು ಹಾಗೇ ಹಿಂತಿರುಗಿಸುತ್ತದೆ. ಸವಾಲ್ ಜವಾಬ್. ಮೊದಲು ಸುಲಭದ್ದು, ಆಮೇಲೆ ಕೊಂಕು, ಆಮೇಲೆ ಇದನ್ನು ಹಾಡು ನೋಡೋಣ ಎಂಬಂಥ ತುಂಟತನ. ಗಿಲನ್ ಒಂದನ್ನೂ ಬಿಡುವುದಿಲ್ಲ. ಕೊನೆಗೆ ಗಿಟಾರಿಗೇ ಎಟುಕದ ಹಾಗೆ ಒಂದು ಕಿರುಚನ್ನು ಎಳೆಯುತ್ತಾನೆ, ಎಳೆಯುತ್ತಲೇ ಇರುತ್ತಾನೆ.

ಇಲ್ಲಿ ಅಭಿಮಾನಿಗಳು ಒಂದು ಕುತೂಹಲದ ಪ್ರಶ್ನೆ ಎತ್ತುತ್ತಾರೆ. ಈ ಇಬ್ಬರ ನಡುವೆ ಆಗಲೇ ಸರಿಯಿರಲಿಲ್ಲ. ಆಲ್ಬಂ ಬಿಡುಗಡೆಯಾದ ಆ ಡಿಸೆಂಬರಿನಲ್ಲೇ ಗಿಲನ್ ರಾಜೀನಾಮೆ ಪತ್ರ ಬರೆದ. 1973ರ ಜೂನ್ 29ರಂದು ಅವನೂ ಗ್ಲೋವರ್‌ನೂ ಕೊನೆಯ ಕಛೇರಿ ಕೊಟ್ಟು ಹೊರಬಿದ್ದರು. ಎಲ್ಲಿ? ಒಸಾಕಾದಲ್ಲಿ. ಹತ್ತೇ ತಿಂಗಳ ಅಂತರದಲ್ಲಿ ಅದೇ ಊರು. ಹಾಗಾದರೆ ಆ ಸವಾಲ್ ಜವಾಬಿನಲ್ಲಿ ಕೇಳಿಸುವುದು ಆಟವೋ, ಹಗೆಯೋ? ಹಗೆ ಎಂದು ಕೇಳುವವರು ಹಲವರಿದ್ದಾರೆ, ಪ್ರತಿ ಸ್ವರದಲ್ಲೂ ಅವರಿಗೆ ಕುಟುಕು ಕಾಣುತ್ತದೆ. ಮುಂದೇನಾಯಿತೆಂದು ಗೊತ್ತಿದ್ದವರ ಕಿವಿ ಅದು. ಗೊತ್ತಿಲ್ಲದೆ ಕೇಳಿದವರಿಗೆ ಇಬ್ಬರು ಹುಡುಗರು ನಗುತ್ತಾ ಒಬ್ಬರನ್ನೊಬ್ಬರು ಬೀಳಿಸಲು ನೋಡುವುದಷ್ಟೇ ಕೇಳಿಸುತ್ತದೆ. ಪರಸ್ಪರ ಮಾತು ಬಿಟ್ಟವರೂ ವೇದಿಕೆಯ ಮೇಲೆ ಒಂದೇ ಲಯದಲ್ಲಿ ಸಿಗುತ್ತಾರೆ. ನಾಟಕ ಕಂಪನಿಗಳ ಕತೆ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬ್ಲ್ಯಾಕ್‌ಮೋರ್ ಮುಂದೆ 1975ರಲ್ಲಿ ಬ್ಯಾಂಡು ಬಿಟ್ಟ, 1984ರಲ್ಲಿ ಕೂಡಿದ, 1993ರಲ್ಲಿ ಪ್ರವಾಸದ ನಡುವೆಯೇ ಮತ್ತೆ ಬಿಟ್ಟ. ಆಗ ಬಾಕಿಯಿದ್ದದ್ದು ಜಪಾನಿನ ಕಾರ್ಯಕ್ರಮಗಳು! ಗಿಟಾರ್ ವಾದಕ ಜೋ ಸ್ಯಾಟ್ರಿಯಾನಿ ಬಂದು ಆ ಮಾನ ಉಳಿಸಿದ.

‘ಲೇಜಿ’ ಬಗ್ಗೆ ಒಂದೇ ಮಾತು. ಟೋಕಿಯೋದ ರಾತ್ರಿಯದು, ನಡುವೆ ಬ್ಲ್ಯಾಕ್‌ಮೋರ್ ಸ್ವೀಡಿಷ್ ಸಂಯೋಜಕ ಹ್ಯೂಗೋ ಆಲ್ಫ್ವೆನ್‌ನ ರಾಪ್ಸೊಡಿಯ ಎಳೆಯೊಂದನ್ನು ಚೇಷ್ಟೆಗೆ ತೂರಿಸುತ್ತಾನೆ. ಗೊತ್ತಿದ್ದವರಿಗೆ ನಗು, ಗೊತ್ತಿಲ್ಲದವರಿಗೂ ನಷ್ಟವಿಲ್ಲ.

ಇನ್ನು ನಾಲ್ಕನೇ ಬದಿ. ‘ಸ್ಪೇಸ್ ಟ್ರಕಿನ್’’ ಸ್ಟುಡಿಯೋದಲ್ಲಿ ನಾಲ್ಕೂವರೆ ನಿಮಿಷದ ಹಾಡು. ಇಲ್ಲಿ ಸುಮಾರು ಇಪ್ಪತ್ತು ನಿಮಿಷ. ಹಾಡು ಬೇಗ ಮುಗಿಯುತ್ತದೆ, ಆಮೇಲೆ 1968ರ ಮೊದಲ ಆಲ್ಬಂನ ‘ಮ್ಯಾಂಡ್ರೇಕ್ ರೂಟ್’ ಕಾಲದಿಂದ ಬೆಳೆಸಿಕೊಂಡು ಬಂದ ವಾದ್ಯಭಾಗ ಶುರುವಾಗುತ್ತದೆ. ಲಾರ್ಡ್ ಇಲ್ಲಿ ಇಂಗ್ಲಿಷ್ ಸಂಯೋಜಕ ಹೋಲ್ಸ್ಟ್‌ನ ‘ಜೂಪಿಟರ್’ ತುಣುಕನ್ನು ನುಸುಳಿಸುತ್ತಾನೆ, ಆರ್ಗನ್ ಗೊಗ್ಗರಿಸುತ್ತದೆ, ಗಿಟಾರ್ ಕೆಲವೊಮ್ಮೆ ಚೆಲ್ಲೋ ಥರ ನರಳುತ್ತದೆ. ಇದು ಅತಿಯಾಯಿತು ಎನ್ನುವುದು ಬಹುಮತ. ಡೀಪ್ ಪರ್ಪಲ್ ಪ್ರೀತಿಸುವವರಲ್ಲೇ ಈ ಬಹುಮತ ಇದೆ ಎನ್ನುವುದನ್ನು ಗಮನಿಸಬೇಕು. ಮೂರು ಬದಿ ಬಂಗಾರ, ನಾಲ್ಕನೆಯದು ಕಸರತ್ತು ಎಂದು ಒಬ್ಬ ಗೆಳೆಯ ಯಾವಾಗಲೂ ಅನ್ನುತ್ತಾನೆ. ಅವನಿಗೆ ನಾನು ಕೊಡುವ ಉತ್ತರ ಹೆಚ್ಚು ಗೌರವಯುತವಲ್ಲ. ಸಂಗೀತವಾಗಿ ನೋಡಿದರೆ ಅದರಲ್ಲಿ ಐದಾರು ನಿಮಿಷ ಜೊಳ್ಳು ಇರುವುದು ನಿಜ. ಆದರೆ ಐದು ಜನ ಮುಂದೇನು ಎಂದು ತಮಗೇ ಗೊತ್ತಿಲ್ಲದೆ ಹೋಗುತ್ತಿರುವುದು, ದಾರಿ ತಪ್ಪಿ ಮತ್ತೆ ಹುಡುಕಿಕೊಳ್ಳುವುದು, ಈ ಆಲ್ಬಂನಲ್ಲಿ ಬೇರೆಲ್ಲೂ ಇಷ್ಟು ಬೆತ್ತಲಾಗಿ ಕೇಳಿಸುವುದಿಲ್ಲ. ಜೊಳ್ಳು ತೆಗೆದರೆ ಹುಡುಕಾಟವೂ ಹೋಗುತ್ತದೆ.

ಈ ಕಾರಣಕ್ಕೇ ಅಭಿಮಾನಿಗಳು ಎದೆ ತಟ್ಟಿ ಹೇಳುವ ಇನ್ನೊಂದು ಮಾತಿದೆ: ಇದರಲ್ಲಿ ತೇಪೆ ಇಲ್ಲ, ಸ್ಟುಡಿಯೋಗೆ ಹೋಗಿ ಮತ್ತೆ ನುಡಿಸಿ ಸೇರಿಸಿದ್ದಲ್ಲ. ಎಪ್ಪತ್ತರ ದಶಕದ ಲೈವ್ ಆಲ್ಬಂಗಳ ವಿಷಯದಲ್ಲಿ ಇದು ಸಣ್ಣ ಹೊಗಳಿಕೆಯಲ್ಲ. ಥಿನ್ ಲಿಜಿಯ ‘ಲೈವ್ ಆ್ಯಂಡ್ ಡೇಂಜರಸ್’ನಲ್ಲಿ ಮುಕ್ಕಾಲು ಪಾಲು ಸ್ಟುಡಿಯೋದಲ್ಲಿ ತಿದ್ದಿದ್ದು ಎಂದು ಅದರ ನಿರ್ಮಾಪಕ ಟೋನಿ ವಿಸ್ಕಾಂಟಿ ಹೇಳಿದರೆ ಬ್ಯಾಂಡಿನವರು ಒಪ್ಪಲಿಲ್ಲ. ಜೂಡಾಸ್ ಪ್ರೀಸ್ಟ್ 1979ರಲ್ಲಿ ಟೋಕಿಯೋದಲ್ಲೇ ಹಿಡಿದ ‘ಅನ್‌ಲೀಷ್ಡ್ ಇನ್ ದ ಈಸ್ಟ್’ಗೆ ಅವರ ಅಭಿಮಾನಿಗಳೇ ‘ಅನ್‌ಲೀಷ್ಡ್ ಇನ್ ದ ಸ್ಟುಡಿಯೋ’ ಎಂದು ಅಡ್ಡಹೆಸರಿಟ್ಟರು. ಇನ್ನೊಂದು ತುದಿಯಲ್ಲಿ ದ ಹೂ ಬ್ಯಾಂಡಿನ 1970ರ ‘ಲೈವ್ ಅಟ್ ಲೀಡ್ಸ್’. ಅದರ ತಟ್ಟೆಯ ಲೇಬಲಿನ ಮೇಲೆ, ಚಟಪಟ ಸದ್ದು ಇರಲಿ, ಸರಿಪಡಿಸಬೇಡಿ ಎಂದೇ ಬರೆದಿತ್ತು. ಸಿಡಿ ಕಾಲದಲ್ಲಿ ಆ ಸದ್ದನ್ನು ಒರೆಸಿಹಾಕಿದಾಗ ಹಳಬರು ರೇಗಿದರು.

‘ಮೇಡ್ ಇನ್ ಜಪಾನ್’ಗೂ ಅದೇ ಒರೆಸಾಟ ನಡೆದಿದೆ. 1993ರಲ್ಲಿ ಮೂರು ರಾತ್ರಿಗಳನ್ನೂ ಬಹುಪಾಲು ತುಂಬಿಕೊಂಡ ಮೂರು ಸಿಡಿಗಳ ‘ಲೈವ್ ಇನ್ ಜಪಾನ್’ ಬಂತು. 1998ರಲ್ಲಿ ‘ಬ್ಲ್ಯಾಕ್ ನೈಟ್’, ‘ಸ್ಪೀಡ್ ಕಿಂಗ್’, ‘ಲೂಸಿಲ್’ ಸೇರಿಸಿದ ಆವೃತ್ತಿ. 2014ರಲ್ಲಿ ದೊಡ್ಡ ಪೆಟ್ಟಿಗೆ. 2025ರಲ್ಲಿ ಸ್ಟೀವನ್ ವಿಲ್ಸನ್ ಹೊಸದಾಗಿ ಮಿಕ್ಸ್ ಮಾಡಿದ್ದು. ಪ್ರತಿ ಸಲವೂ ಬೇಸ್ ಹೆಚ್ಚಾಯಿತು, ಜನರ ಸದ್ದು ಕಡಿಮೆಯಾಯಿತು, ಆರ್ಗನ್ ಸ್ವಚ್ಛವಾಯಿತು ಎಂದು ತಿಂಗಳುಗಟ್ಟಲೆ ಜಟಾಪಟಿ. ಈ ಪೈಕಿ 1993ರ ಸಂಗ್ರಹಕ್ಕೆ ನಾನು ಋಣಿ. ಗಿಲನ್ ಮತ್ತು ಬ್ಲ್ಯಾಕ್‌ಮೋರ್‌ರ ಸವಾಲ್ ಜವಾಬ್ ಪ್ರತಿ ರಾತ್ರಿ ಬೇರೆ ಬೇರೆ ದಾರಿ ಹಿಡಿಯುವುದು ಅದರಿಂದ ಗೊತ್ತಾಯಿತು, ಮೊದಲೇ ತಾಲೀಮು ಮಾಡಿಕೊಂಡ ಆಟ ಎನ್ನುತ್ತಿದ್ದವರ ಬಾಯಿ ಮುಚ್ಚಿತು. ಆದರೆ ನಾನು ಮತ್ತೆ ಮತ್ತೆ ಹೋಗುವುದು ಅದಕ್ಕಲ್ಲ. ಪೂರ್ತಿ ಮೂರು ಕಛೇರಿ ಎಂದರೆ ದಾಖಲೆ. ಗ್ಲೋವರ್ ಮತ್ತು ಪೇಸ್ ಇಬ್ಬರೇ ಕುಳಿತು, ಇದು ಇರಲಿ, ಅದು ಬೇಡ ಎಂದು ಏಳನ್ನು ಹೆಕ್ಕಿದರಲ್ಲ, ಆ ಹೆಕ್ಕುವಿಕೆಯೂ ಒಂದು ರಚನೆ. ನಮ್ಮ ಪಂಗಡದವರಿಗೆ ಈ ಮಾತು ರುಚಿಸುವುದಿಲ್ಲ. ಹೆಚ್ಚು ಎಂದರೆ ಒಳ್ಳೆಯದು ಎಂಬ ನಂಬಿಕೆ ಬಲವಾಗಿದೆ.

2001ರಲ್ಲಿ ಡೀಪ್ ಪರ್ಪಲ್ ಬೆಂಗಳೂರಿಗೆ ಬಂದಿತು, ಅರಮನೆ ಮೈದಾನಕ್ಕೆ. ಬ್ಲ್ಯಾಕ್‌ಮೋರ್ ಜಾಗದಲ್ಲಿ ಸ್ಟೀವ್ ಮೋರ್ಸ್. ಲಾರ್ಡ್ ಆಗಿನ್ನೂ ಬ್ಯಾಂಡಿನಲ್ಲಿದ್ದ. ಮರುವರ್ಷ ಬಿಟ್ಟ, 2012ರ ಜುಲೈನಲ್ಲಿ ತೀರಿಕೊಂಡ. ಆ ಕಾರ್ಯಕ್ರಮ ಮು‌ಗಿಸಿ ಬರುವಾಗ ನಮ್ಮ ಗುಂಪಿನಲ್ಲಿ ನಡೆದದ್ದು ಚರ್ಚೆಯಲ್ಲ, ತಾಳೆ ನೋಡುವ ಕೆಲಸ. ಜಪಾನಿನಲ್ಲಿ ಬ್ಲ್ಯಾಕ್‌ಮೋರ್ ಇಲ್ಲಿ ನಿಲ್ಲಿಸುತ್ತಿದ್ದ, ಮೋರ್ಸ್ ಎಳೆದ. ಗಿಲನ್ ಅಲ್ಲಿ ಕಿರುಚುತ್ತಿದ್ದ, ಇಲ್ಲಿ ಮೈಕನ್ನು ಜನರತ್ತ ಹಿಡಿದ. ಕಣ್ಣೆದುರು ಜೀವಂತ ಬ್ಯಾಂಡು ನುಡಿಸುತ್ತಿದ್ದರೂ ನಾವು ಕೇಳುತ್ತಿದ್ದದ್ದು ಕ್ಯಾಸೆಟ್ಟನ್ನು. ಮೋರ್ಸ್ ಅದ್ಭುತ ವಾದಕ, ಅವನಿಗೆ ಅನ್ಯಾಯ ಮಾಡಿದೆವು ಅಂತ ಈಗಲೂ ಅನ್ನಿಸುತ್ತದೆ. ಲೈವ್ ಆಲ್ಬಂ ಅತಿಯಾಗಿ ಕೇಳಿದವರಿಗೆ ಬರುವ ಕಾಯಿಲೆ ಇದು: ಒಂದು ರಾತ್ರಿ ಹೊಳೆದದ್ದನ್ನೇ ಅವರು ಪ್ರತಿ ರಾತ್ರಿ ಬೇಡುತ್ತಾರೆ. ಇದನ್ನು ಬೇಡುವ ಅಧಿಕಾರ ನಮಗಿದೆಯೇ ಎಂದು ಕೇಳಿದರೆ, ಇಲ್ಲ. ಆದರೂ ಬೇಡುತ್ತೇವೆ. ಆಲ್ಬಂ ಅನ್ನು ಕೇಳಿಯೇ ಇಲ್ಲದ ಗಿಲನ್‌ಗಿಂತ ಅದರ ಮೇಲೆ ನಮ್ಮ ಹಕ್ಕು ಹೆಚ್ಚು ಎಂದು ಒಳಗೊಳಗೇ ನಂಬಿಕೊಂಡಿದ್ದೇವೆ.

ಇದನ್ನೆಲ್ಲ ಓದಿ ಯಾರಾದರೂ ಹೊಸಬರು ಕೇಳಲು ಹೊರಟರೆ ನನ್ನ ಸಲಹೆ ಇಷ್ಟೇ. ಪೆಟ್ಟಿಗೆ ಆವೃತ್ತಿಗಳಿಂದ ಶುರು ಮಾಡಬೇಡಿ. ಹಳೆಯ ಏಳು ಹಾಡು, ಹಳೆಯ ಅನುಕ್ರಮ, ಹಳೆಯ ಮಿಕ್ಸ್. ಎರಡು ಕಿವಿಗೂ ಕೇಳುವ ಇಯರ್‌ಫೋನ್ ಇರಲಿ. ‘ದ ಮ್ಯೂಲ್’ ಅನ್ನು ಮೊದಲ ಸಲವಾದರೂ ಹಾರಿಸದೆ ಕೇಳಿ, ಎರಡನೇ ಸಲ ನಿಮ್ಮಿಷ್ಟ. ‘ಸ್ಪೇಸ್ ಟ್ರಕಿನ್’’ ಅತಿಯಾಯಿತು ಎನ್ನಿಸಿದರೆ ನನ್ನ ಗೆಳೆಯನ ಪಂಗಡ ಸೇರಿಕೊಳ್ಳಿ, ಅಲ್ಲಿ ಜಾಗ ಬೇಕಾದಷ್ಟಿದೆ. 15ರದ್ದೋ 16ರದ್ದೋ ಎಂಬ ಪ್ರಶ್ನೆಗೆ ಆಮೇಲೆ ಬರೋಣ. ಅದಕ್ಕೆ 1993ರ ಸಿಡಿಗಳು ಬೇಕಾಗುತ್ತವೆ, ನನ್ನ ಹತ್ತಿರ ಇವೆ, ಕೊಡುವುದಿಲ್ಲ, ಬಂದು ಕೇಳಬಹುದು.